ಗಿಡ್ಡ ಹಗ್ಗದ ದೀಪ

ಫೆಬ್ರವರಿ 6

ದೊಡ್ಡಪ್ಪನಿಗೆ,

ನನಗೆ ವಾಸನೆ ಗೊತ್ತಾಗುವುದಿಲ್ಲ. ಎರಡು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಸೀಮೆಎಣ್ಣೆ, ಸಾಬೂನು, ಸೀದ ಹಾಲು, ಎಲ್ಲವೂ ನನಗೆ ಬರೀ ಗಾಳಿ. ಅಮ್ಮನಿಗೂ ಹೇಳಿಲ್ಲ. ಧಣಿಗಂತೂ ಹೇಳುವ ಹಾಗೇ ಇಲ್ಲ, ಯಾಕೆಂದರೆ ನಾನು ಕೆಲಸ ಮಾಡುವುದು ಅವರ ಬಿಯರ್ ಭಟ್ಟಿಯಲ್ಲಿ. ಸುಳ್ಳು ಹೇಳಿದ್ದೇನೆ ಅಂತಲ್ಲ. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಆದರೆ ಹಾಗೆ ಸುಮ್ಮನಿರುವುದೂ ಸುಳ್ಳಿನ ತಂಗಿಯೇ ಎಂದು ಇತ್ತೀಚೆಗೆ ಅನ್ನಿಸುತ್ತಿದೆ. ಅದಕ್ಕೇ ಮೊದಲು ನಿಮಗೆ ಹೇಳುತ್ತಿದ್ದೇನೆ.

ನಾನು ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟದ್ದು ನಿಮಗೆ ಗೊತ್ತು. ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಆಮೇಲೆ ಅಂಗಡಿ, ಲಾಂಡ್ರಿ, ಗ್ಯಾರೇಜು, ಎಲ್ಲಿ ಸೇರಿದರೂ ಕಾಲಲ್ಲಿ ಚಕ್ರ. ಭಟ್ಟಿಯಲ್ಲಿ ಮಾತ್ರ ನಿಂತಿದ್ದೇನೆ. ಬಾರ್ಲಿ ಮೊಳಕೆಯೊಡೆದು, ಹುರಿದು, ಕುದಿದು, ತನ್ನಷ್ಟಕ್ಕೆ ತಾನೇ ಉಕ್ಕುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಈಗ ವಿಷಯ. ಮೇ ತಿಂಗಳಲ್ಲಿ ಊರಿನ ಬಿಯರ್ ಹಬ್ಬ. ಧಣಿಗೆ ಈ ಸಲ ಒಂದು ಹಟ: ಅವರ ಅಪ್ಪನ ಕಾಲದ ಕಪ್ಪು ಬಿಯರ್, ಏಲ್ ಅಂತಾರಲ್ಲ ಅದು, ಮತ್ತೆ ಬರಬೇಕು. ನೀವೂ ನನ್ನಪ್ಪನೂ ಕಾಯಿಸುತ್ತಿದ್ದದ್ದು, ಅಪ್ಪ ಸತ್ತ ವರ್ಷ ನಿಂತುಹೋದದ್ದು. ಅದರ ರುಚಿ ನೆನಪಿರುವ ಮೂವರು ಮುದುಕರು ಊರಲ್ಲಿ ಉಳಿದಿದ್ದಾರೆ. ಅವರು ಕುಡಿದು "ಇದೇ" ಅಂದರೆ ನಾನು ಭಟ್ಟಿಯ ಮುಖ್ಯ ಕೆಲಸದವಳು. ಇಲ್ಲದಿದ್ದರೆ ಮತ್ತೆ ಪೀಪಾಯಿ ತೊಳೆಯುವುದು.

ಆದ್ದರಿಂದ ನನಗೆ ಆ ಏಲನ್ನು ವಾಸನೆ ಬಿಟ್ಟು ಹೇಳಿಕೊಡಿ. ಹೇಗೆ ಕಾಣುತ್ತಿತ್ತು, ಹೇಗೆ ಸದ್ದು ಮಾಡುತ್ತಿತ್ತು, ಬೆರಳಿಗೆ ಹೇಗಿತ್ತು. ಹಿತ್ತಲಿನ ಶೆಡ್ಡಿನಲ್ಲಿ ನಿಮ್ಮ ಕಾಲದ ದೊಡ್ಡ ಮರದ ಬಾನಿ ಇನ್ನೂ ಇದೆ. ಒಂದೂವರೆ ಆಳಿನ ಎತ್ತರ. ಅದರೊಳಗೆ ಬಗ್ಗಿ "ಹೋ" ಅಂದರೆ ಯಾರೋ ದೊಡ್ಡವರು ಓಗೊಟ್ಟ ಹಾಗೆ ಕೇಳುತ್ತದೆ.

ನಾನು ನಿಮಗೆ ಬರೆದದ್ದು ಅಮ್ಮನಿಗೆ ಗೊತ್ತಿಲ್ಲ. ನಿಮ್ಮ ಕಾಗದ ಬಂದರೆ ಈಗಲೂ ಅದನ್ನು ಓದದೆ ಮಗುಚಿ ಇಡುತ್ತಾಳೆ.

ಕೊಕ್ಕರೆ


ಫೆಬ್ರವರಿ 19

ಕೊಕ್ಕರೆ,

ಹುಟ್ಟಿದಾಗ ನಿನ್ನ ಕಾಲು ನೋಡಿ ನಾನಿಟ್ಟ ಹೆಸರು. ಇನ್ನೂ ಅದೇ ಹಾಕಿಕೊಳ್ಳುತ್ತೀಯಲ್ಲ, ಖುಷಿಯಾಯಿತು. ಮೂಗಿಲ್ಲದವಳು ಭಟ್ಟಿಗೆ ಸೇರಿದಳು ಎಂದು ಓದಿ ಮೊದಲು ನಕ್ಕೆ. ಆಮೇಲೆ ನಾನು ಕೆಲಸ ಮಾಡುವ ಬೇಕರಿಯ ಒಲೆಯ ಮುಂದೆ ಮೂಗು ಹಿಡಿದುಕೊಂಡು ನಿಂತು ನೋಡಿದೆ. ಬ್ರೆಡ್ಡು ಬೆಂದದ್ದೇ ಗೊತ್ತಾಗಲಿಲ್ಲ. ಒಂದು ತಟ್ಟೆ ಸೀದು ಕರಕಲಾಯಿತು. ನಿನ್ನ ಕಷ್ಟ ಅರ್ಥವಾಯಿತು.

ಕೇಳು. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಹುರಿದ ಬಾರ್ಲಿಯನ್ನು, ಹಲ್ಲಲ್ಲಿ ಕಡಿ. ಟಪ್ ಎಂದು ಒಡೆದರೆ ಸರಿ, ಮಣ್ಣಿನಂತೆ ಪುಡಿಯಾದರೆ ಜಾಸ್ತಿ ಹುರಿದಿದ್ದೀ. ಮಾಲ್ಟ್ ಕುದಿಸಿದ ನೀರನ್ನು ಎರಡು ಬೆರಳ ನಡುವೆ ತಿಕ್ಕಿದರೆ ಅಂಟಬೇಕು, ಬಿಡಿಸಿದರೆ ಸಣ್ಣಗೆ ಚಿಟ್ ಎನ್ನಬೇಕು. ಯೀಸ್ಟ್ ಹಾಕಿದ ಮೇಲೆ ಕಿವಿ ಕೊಡು. ಮೊದಲ ದಿನ ಗುಸುಗುಸು. ಮೂರನೇ ದಿನ ಅತ್ತೆ ಸೊಸೆ ಜಗಳ. ಆಮೇಲೆ ಗೊರಕೆ. ಗೊರಕೆ ನಿಂತ ಮೇಲೆಯೇ ಕೈ ಹಾಕು. ನೊರೆ ಕಂದು ಬಣ್ಣದ ಹೂಕೋಸಿನಂತೆ ಏಳಬೇಕು, ನಡುವೆ ಬಿರುಕು ಬಿಡಬೇಕು. ಇಷ್ಟನ್ನು ನಿನ್ನಪ್ಪನಿಗೆ ನಾನು ಕಲಿಸಿದ್ದು, ಅವನು ನನಗಿಂತ ಚೆನ್ನಾಗಿ ಕಲಿತದ್ದು.

ಮರದ ಬಾನಿಯನ್ನು ಒಡೆದು ಒಲೆಗೆ ಹಾಕಿಸು. ಸ್ಟೀಲ್ ಟ್ಯಾಂಕಿನಲ್ಲಿ ಮಾಡು.

ಅಮ್ಮನ ಮಂಡಿ ನೋವು ಹೇಗಿದೆ?

ದೊಡ್ಡಪ್ಪ


ಮಾರ್ಚ್ 14

ದೊಡ್ಡಪ್ಪ,

ಟ್ಯಾಂಕಿನಲ್ಲಿ ಮಾಡಿದೆವು. ಟಪ್ ಅಂದಿತು, ಅಂಟಿತು, ಜಗಳವಾಡಿತು, ಗೊರಕೆ ಹೊಡೆಯಿತು. ಹೂಕೋಸೂ ಬಂತು. ಮುದುಕರನ್ನು ಕರೆಸಿ ಧಣಿ ಎದುರಿಗೇ ಕೂರಿಸಿದರು. ಒಬ್ಬ ಗಡಿಯಾರ ರಿಪೇರಿಯವನು, ಒಬ್ಬ ಹಳೇ ಡ್ರೈವರ್, ಒಬ್ಬ ಏನೂ ಅಲ್ಲ, ಬರೀ ಕುಡಿಯುವವನು. ಮೂವರೂ ಗುಟುಕು ತೆಗೆದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು.

"ಚೆನ್ನಾಗಿದೆ," ಅಂದ ಗಡಿಯಾರದವನು.

"ಚೆನ್ನಾಗಿದೆ ಅನ್ನೋದಕ್ಕೆ ಇಷ್ಟು ದೂರ ಕರೆಸಿದ್ರಾ?" ಅಂದ ಡ್ರೈವರ್. "ಇದು ಅದರ ತಮ್ಮ. ಮುಖ ಒಂದೇ, ಗುಣ ಬೇರೆ."

ನನ್ನ ಜೊತೆ ಪೀಪಾಯಿ ತೊಳೆಯುವ ಕುಳ್ಳಣ್ಣ ಉಳಿದದ್ದನ್ನು ಕುಡಿದು ಹೇಳಿದ: "ನನಗಂತೂ ತಮ್ಮನೇ ಸಾಕು ಕಣೆ ಏಣಿ." ನನ್ನನ್ನು ಅವನು ಏಣಿ ಅಂತಾನೆ. ನನ್ನ ಮೊಣಕೈ ಎತ್ತರಕ್ಕೆ ಬರುತ್ತಾನೆ ಅಂತ ನಾನು ಅಂದರೆ ಭುಜಕ್ಕೆ ಬರ್ತೀನಿ ಅಂತ ಜಗಳ. ಅವನಿಗೆ ಎರಡು ಹೆಣ್ಣು ಮಕ್ಕಳು. ಅಪ್ಪನಿಗಿಂತ ಎತ್ತರ ಆಗಿಬಿಟ್ಟಿದ್ದಾರೆ ಅಂತ ಬೀಗುತ್ತಾನೆ.

ಈಗ ನೇರವಾಗಿ ಕೇಳುತ್ತೇನೆ. ಮರದ ಬಾನಿ ಯಾಕೆ ಬೇಡ? ಆ ರುಚಿ ಮರದೊಳಗೇ ಇದೆ ಎಂದು ನನಗೆ ಅನುಮಾನ. ಹಲಗೆಯ ಸಂದಿನಲ್ಲಿ ಹಳೇ ಯೀಸ್ಟ್ ಒಣಗಿ ಕೂತಿದೆ, ಉಗುರಲ್ಲಿ ಕೆರೆದರೆ ಬರುತ್ತದೆ. ನಿಮಗೆ ಇದು ಗೊತ್ತಿಲ್ಲದೆ ಇಲ್ಲ. ಒಡೆದು ಒಲೆಗೆ ಹಾಕು ಅಂತೀರಿ, ಯಾಕೆ ಅನ್ನುವುದಿಲ್ಲ. ಕೈಕಸುಬಿನ ಗುಟ್ಟನ್ನು ಎದೆಗೆ ಕಟ್ಟಿಕೊಂಡು ಸುಡುಗಾಡಿಗೆ ಹೋಗುವ ಮುದುಕರ ಬಗ್ಗೆ ಕೇಳಿದ್ದೇನೆ. ನೀವು ಅವರಲ್ಲಿ ಒಬ್ಬರು ಅಂತ ಅಂದುಕೊಂಡಿರಲಿಲ್ಲ.

ಕೋಪ ಮಾಡಿಕೊಳ್ಳಿ, ಆದರೆ ಉತ್ತರ ಬರೆಯಿರಿ.

ಕೊಕ್ಕರೆ


ಮಾರ್ಚ್ 27

ಕೊಕ್ಕರೆ,

ಗುಟ್ಟು ಏನೂ ಇಲ್ಲ. ಬಾನಿಗೆ ಹುಳ ಬಿದ್ದಿರುತ್ತದೆ, ಸೋರುತ್ತದೆ, ಹುಳಿ ಹಿಡಿಯುತ್ತದೆ. ಅಷ್ಟೇ.

ಮಾಲ್ಟಿನ ಕಾಲು ಭಾಗವನ್ನು ಸೌದೆ ಹೊಗೆಯಲ್ಲಿ ಒಣಗಿಸು. ನಾವು ಹಾಗೆ ಮಾಡುತ್ತಿದ್ದೆವು, ಹೇಳಲು ಮರೆತಿದ್ದೆ. ಮುದುಕರಿಗೆ ಅದೇ ಕಡಿಮೆಯಾಗಿರುವುದು.

ಇಲ್ಲಿ ಮಾಲೀಕರ ಮಗಳಿಗೆ ಮಗುವಾಗಿದೆ. ಅವಳದ್ದೂ ಸೇರಿ ಬೆಳಗಿನ ಪಾಳಿ ಎರಡೂ ನನ್ನ ತಲೆಗೆ ಬಂದಿವೆ. ಪುರುಸೊತ್ತಿಲ್ಲ.

ದೊಡ್ಡಪ್ಪ


ಏಪ್ರಿಲ್ 21

ದೊಡ್ಡಪ್ಪ,

ಹೊಗೆಯ ಮಾಲ್ಟ್ ಹಾಕಿದೆ. ಮುದುಕರು ಕೆಮ್ಮಿದರು. ನೀವು ನನಗೆ ಸುಳ್ಳು ಹೇಳಿದಿರಿ ಎಂದು ಗೊತ್ತಾಯಿತು. ಯಾಕೆ ಎಂದು ಮಾತ್ರ ಗೊತ್ತಾಗಲಿಲ್ಲ. ಆದ್ದರಿಂದ ನಿಮ್ಮ ಮಾತು ಬಿಟ್ಟು ಬಾನಿಯನ್ನು ಶೆಡ್ಡಿನಿಂದ ಉರುಳಿಸಿಕೊಂಡು ಬಂದೆವು. ಹುಳ ಇರಲಿಲ್ಲ. ಒಂದು ವಾರ ನೀರು ತುಂಬಿಟ್ಟೆವು, ಹಲಗೆ ಉಬ್ಬಿ ಸೋರುವುದು ನಿಂತಿತು. ನಾನೂ ಕುಳ್ಳಣ್ಣನೂ ಏಲ್ ತುಂಬಿದೆವು.

ಅದು ಎದ್ದ ರೀತಿ ನೀವು ನೋಡಬೇಕಿತ್ತು. ಟ್ಯಾಂಕಿನಲ್ಲಿ ಮೂರು ದಿನ ಹಿಡಿದದ್ದು ಇಲ್ಲಿ ರಾತ್ರಿ ಬೆಳಗಾಗುವುದರೊಳಗೆ ಆಯಿತು. ಮರಕ್ಕೆ ಎಲ್ಲ ನೆನಪಿತ್ತು.

ಇನ್ನೊಂದು ಸುದ್ದಿ, ಇದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ. ನನ್ನ ಮೂಗು ವಾಪಸು ಬರುತ್ತಿದೆ! ಮೊನ್ನೆ ನೊರೆ ನೋಡಲು ಬಾನಿಯೊಳಗೆ ಬಗ್ಗಿದೆ. ಮೂಗಿನೊಳಗೆ ಸೂಜಿ ಚುಚ್ಚಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಎರಡು ವರ್ಷದಲ್ಲಿ ಮೂಗಿಗೆ ಮೊದಲ ಸಲ ಏನೋ ಗೊತ್ತಾದದ್ದು. ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಈಗ ದಿನಾ ಬೆಳಿಗ್ಗೆ ಯಾರೂ ಬರುವ ಮೊದಲು ಬಗ್ಗುತ್ತೇನೆ, ದಿನಕ್ಕೆ ಒಂದು ಗೇಣು ಹೆಚ್ಚು. ಚುಚ್ಚುವುದೂ ಹೆಚ್ಚುತ್ತದೆ. ತಲೆ ಸ್ವಲ್ಪ ತಿರುಗುತ್ತದೆ, ಖುಷಿಗೆ ಇರಬೇಕು.

ತಿಂಗಳ ಕೊನೆಗೆ ಏಲನ್ನು ಪೀಪಾಯಿಗೆ ಇಳಿಸಿ ಬಾನಿ ಖಾಲಿ ಮಾಡುತ್ತೇವೆ. ತಳದ ಗಸಿ ಕೆರೆಯಲು ಯಾರಾದರೂ ಒಳಗೆ ಇಳಿಯಬೇಕು. ನಾನೇ ಇಳಿಯುತ್ತೇನೆ, ಗಸಿಯೂ ನನ್ನ ಮೂಗಿಗೆ ಏನಾದರೂ ಹೇಳಬಹುದು.

ಹಾಂ, ಬಾನಿಯ ಅಂಚಿಗೆ ಒಳಗಡೆ ಒಂದು ಕಬ್ಬಿಣದ ಕೊಕ್ಕೆ ಇದೆ. ಅದಕ್ಕೆ ಒಂದು ಹಗ್ಗ, ಹಗ್ಗದ ತುದಿಗೆ ಅಂಗೈಯಷ್ಟು ತಂತಿಯ ಗೂಡು, ಗೂಡಿನೊಳಗೆ ಮೇಣದ ಕಲೆ. ಅದು ಏನಕ್ಕೆ?

ಕೊಕ್ಕರೆ


ಏಪ್ರಿಲ್ 26

ಮಗಳೇ,

ಮೊದಲು ಇದು: ಬಾನಿಯೊಳಗೆ ಇಳಿಯಬೇಡ. ತಲೆ ಹಾಕಬೇಡ. ಬೇರೆ ಯಾರನ್ನೂ ಬಿಡಬೇಡ. ನಿನ್ನ ಕಾಗದ ಓದಿದ ತಕ್ಷಣ ಹಿಟ್ಟಿನ ಕೈಯಲ್ಲೇ ಓಡಿ ಹೋಗಿ, ನಿಮ್ಮ ಮನೆಯಲ್ಲಿ ಫೋನಿಲ್ಲವಲ್ಲ, ಭಟ್ಟಿಯ ಕಚೇರಿಗೆ ಫೋನ್ ಮಾಡಿದೆ. ಧಣಿಯೇ ಎತ್ತಿದ. ಎಲ್ಲ ಹೇಳಿದೆ, ನಿನ್ನನ್ನು ಕರೆ ಅಂದೆ. "ಹೇಳ್ತೀನಿ ಬಿಡಿ ಅಣ್ಣಾ, ಗಾಬರಿಯಾಗ್ಬೇಡಿ," ಅಂದ. ಆದರೂ ಬರೆಯುತ್ತಿದ್ದೇನೆ. ಅವನ ಅಪ್ಪನೂ ಹೀಗೆಯೇ ತಣ್ಣಗೆ ಮಾತಾಡುತ್ತಿದ್ದವನು.

ನಿನ್ನ ಮೂಗು ವಾಪಸು ಬಂದಿಲ್ಲ ಕೂಸೇ. ಅದು ವಾಸನೆಯಲ್ಲ. ಉಕ್ಕುವಾಗ ಏಲ್ ಒಂದು ಗಾಳಿ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಚುಚ್ಚು ಮಾತ್ರ ಇದೆ. ಅದು ಮೂಗು ಸತ್ತವರಿಗೂ ತಿಳಿಯುತ್ತದೆ. ನಮ್ಮಂಥವರು ಚುಚ್ಚಿದರೆ ಹಿಂದೆ ಸರಿಯುತ್ತೇವೆ. ನೀನು ಅದನ್ನು ಹುಡುಕಿಕೊಂಡು ಒಳಗೆ ಹೋಗುತ್ತಿದ್ದೀ. ಆ ಗಾಳಿ ನೀರಿಗಿಂತ ಕಳ್ಳ. ಭಾರವಾಗಿ ತಳದಲ್ಲಿ ಕೂರುತ್ತದೆ, ಏಲ್ ಇಳಿಸಿದ ಮೇಲೂ ಬಾನಿ ಅದರಿಂದ ತುಂಬಿಯೇ ಇರುತ್ತದೆ. ಎರಡು ಉಸಿರು ಸಾಕು.

ಆ ತಂತಿಯ ಗೂಡು ದೀಪಕ್ಕೆ. ಯಾರಾದರೂ ಇಳಿಯುವ ಮೊದಲು ಮೇಣದ ಬತ್ತಿ ಹಚ್ಚಿ ತಳದವರೆಗೆ ಬಿಡಬೇಕು. ಆರಿದರೆ ಇಳಿಯಬಾರದು. ಮೊದಲು ಆ ಹಗ್ಗ ತಳ ಮುಟ್ಟುತ್ತಿತ್ತು. ಒಮ್ಮೆ ಸೈಕಲ್ಲಿಗೆ ಚೀಲ ಕಟ್ಟಲು ಯಾರೋ ಒಂದು ತುಂಡು ಕತ್ತರಿಸಿಕೊಂಡರು. ಯಾರು ಅಂತ ಕೇಳಬೇಡ, ನನಗೂ ಗೊತ್ತಿಲ್ಲ, ನಾನೇ ಇದ್ದರೂ ಇರಬಹುದು. ಆಮೇಲೆ ದೀಪ ಬಾನಿಯ ನಡುಮಟ್ಟಕ್ಕೂ ಇಳಿಯುತ್ತಿರಲಿಲ್ಲ. ಅದು ಆರುವುದೂ ನಿಂತಿತು. ದೀಪ ಆರಲ್ಲ ಅಂದಮೇಲೆ ನಮಗೆ ಧೈರ್ಯ ಬಂತು. ಹೊಸ ಹಗ್ಗ ಕಟ್ಟಿಸುವುದು ನನ್ನ ಕೆಲಸವಾಗಿತ್ತು. ನಾಳೆ ನೋಡೋಣ, ನಾಳೆ ನೋಡೋಣ.

ನಿನ್ನಪ್ಪ ಇಳಿದ ದಿನ ದೀಪ ಬಿಟ್ಟವನು ನಾನು. ಅದು ಚೆನ್ನಾಗಿ ಉರಿಯಿತು. ಅವನೂ ನಿನ್ನ ಹಾಗೆ ಉದ್ದ. ಒಳಗೆ ನಿಂತಾಗ ತಲೆ ಮೇಲಿನ ಒಳ್ಳೇ ಗಾಳಿಯಲ್ಲಿತ್ತು. ನಿಂತುಕೊಂಡು ನನ್ನ ಜೊತೆ ಮಾತಾಡಿದ, ನೀನು ಹಿಂದಿನ ದಿನ ಬೂಟಿನೊಳಗೆ ಹಾಲು ಸುರಿದದ್ದನ್ನು ಹೇಳಿ ನಕ್ಕ. ಕೈಯಿಂದ ಬ್ರಷ್ ಜಾರಿತು. ಎತ್ತಿಕೊಳ್ಳಲು ಬಗ್ಗಿದ. ಮೇಲೆ ಏಳಲಿಲ್ಲ.

"ಹೃದಯ ಅನ್ನೋಣ, ಎಲ್ಲರಿಗೂ ಒಳ್ಳೇದು," ಅಂದರು ಧಣಿಯ ಅಪ್ಪ. ನಾನು ತಲೆ ಆಡಿಸಿದೆ. ಹದಿನಾರು ವರ್ಷದಿಂದ ಆಡಿಸುತ್ತಲೇ ಇದ್ದೇನೆ. ನಿನಗೆ ಬಾನಿ ಬೇಡ ಅಂದೆ, ಯಾಕೆ ಅನ್ನಲಿಲ್ಲ. ಹೇಳಿದರೆ ನೀನು ಕಾಗದ ಬರೆಯುವುದನ್ನು ನಿಲ್ಲಿಸುತ್ತೀ ಅಂತ ಭಯವಾಯಿತು. ನಿಜ ಇಷ್ಟೇ.

ಕಾಗದ ಕೈಗೆ ಸಿಕ್ಕಿದ ಕೂಡಲೇ ಒಂದು ಸಾಲು ಬರೆ.

ದೊಡ್ಡಪ್ಪ


ಮೇ 5

ಕೊಕ್ಕರೆ,

ಉತ್ತರವಿಲ್ಲ. ಫೋನ್ ಮಾಡಿದರೆ ಕಚೇರಿಯಲ್ಲಿ ಎತ್ತುತ್ತಿಲ್ಲ. ಬೈದು ಬರೆ, ಪರವಾಗಿಲ್ಲ. ಬರೆ.

ದೊಡ್ಡಪ್ಪ


ಮೇ 12

ದೊಡ್ಡಪ್ಪ,

ನಿಮ್ಮ ಕಾಗದ ಏಪ್ರಿಲ್ ಮೂವತ್ತಕ್ಕೆ ಬಂತು. ಬಾನಿಯನ್ನು ಇಪ್ಪತ್ತೊಂಬತ್ತಕ್ಕೆ ಖಾಲಿ ಮಾಡಿದೆವು. ಕುಳ್ಳಣ್ಣ ಸತ್ತುಹೋದ.

ಧಣಿ ನನಗೆ ಏನೂ ಹೇಳಿರಲಿಲ್ಲ. ಆ ದಿನ ಬೆಳಿಗ್ಗೆ ಬಂದು "ಬೇಗ ಮುಗಿಸಿ, ಹಬ್ಬಕ್ಕೆ ದಿನ ಇಲ್ಲ," ಅಂದು ಕಚೇರಿಗೆ ಹೋದರು.

ದೀಪದ ಗೂಡು ಏನಕ್ಕೆ ಎಂದು ಕುಳ್ಳಣ್ಣನಿಗೆ ಗೊತ್ತಿತ್ತು. "ಇದು ಗಾಳಿ ನೋಡೋ ದೀಪ ಕಣೆ. ನಮ್ಮ ಮಾವ ಬಾವಿ ತೋಡೋರು, ಇಳಿಯೋಕೆ ಮುಂಚೆ ಹಿಂಗೇ ಬಿಡೋರು. ಆರಿದ್ರೆ ಇಳೀಬಾರದು," ಅಂದ. ಮೇಣದ ಬತ್ತಿ ಹಚ್ಚಿ ಇಳಿಬಿಟ್ಟೆವು. ಹಗ್ಗ ಮುಗಿಯುವವರೆಗೆ ಇಳಿಯಿತು. ಆರಲಿಲ್ಲ. ತಳ ಮುಟ್ಟಿತಾ ಎಂದು ನಾನು ನೋಡಲಿಲ್ಲ. ಅವನೂ ನೋಡಲಿಲ್ಲ. ಇಬ್ಬರೂ ಜ್ವಾಲೆಯನ್ನೇ ನೋಡಿದೆವು. "ಏನ್ ಗಟ್ಟಿ ಇದೆ ನೋಡೇ, ನಮ್ಮತ್ತೆ ಥರ," ಅಂದ.

ನಾನು ಅಂಚಿನ ಮೇಲೆ ಒಂದು ಕಾಲು ಹಾಕಿದ್ದೆ. ಅವನು ನನ್ನ ತೋಳು ಹಿಡಿದ. "ಈ ಕಡೆ ಇಳಿಯಮ್ಮಾ ತಾಯಿ, ನಾನು ಹೋಗ್ತೀನಿ. ಏಣಿ ಮೇಲೆ ಏಣಿ ಇಳಿದ್ರೆ ಹೊರಗೆ ಯಾರು ಹಿಡ್ಕೊಳ್ಳೋದು? ನಿನ್ನ ಮಂಡಿ ಮಡಚೋಕೆ ಅಲ್ಲಿ ಜಾಗ ಎಲ್ಲಿದೆ?" ಅಂದ. ಆಗ ನಾನು ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. "ಹೋಗು, ಏನಾಗಲ್ಲ. ನಾನು ದಿನಾ ತಲೆ ಹಾಕ್ತೀನಿ, ಮೂಗು ಚುಚ್ಚುತ್ತೆ ಅಷ್ಟೇ."

ಅವನು ಒಳಗಿಟ್ಟಿದ್ದ ಏಣಿಯ ಕೊನೆಯ ಮೆಟ್ಟಿಲಿಗೆ ಇಳಿದು ತಳದಲ್ಲಿ ಕಾಲಿಟ್ಟ. ಮುಖ ಎತ್ತಿ "ಏಣೀ, ಇಲ್ಲಿ ಒಂಥರಾ" ಅಂದ. ಅಷ್ಟೇ. ಕುಳಿತುಕೊಂಡ, ಸುಸ್ತಾದವರು ಕುಳಿತ ಹಾಗೆ. ದೀಪ ಅವನ ತಲೆಯ ಮೇಲೆ ಉರಿಯುತ್ತಲೇ ಇತ್ತು.

ನಾನು ಇಳಿಯಹೊರಟೆ. ಮಾಲ್ಟ್ ತರುವ ಲಾರಿಯವನು ಓಡಿ ಬಂದು ಸೊಂಟ ಹಿಡಿದ. ಅವನ ಕೈ ಕಚ್ಚಿದೆ, ಬಿಡಲಿಲ್ಲ. ಕೊಡಲಿ ತಂದು ಕೆಳಗಿನ ಹಲಗೆ ಒಡೆದರು. ಕೊನೆಗೂ ನೀವು ಹೇಳಿದ ಹಾಗೆ ಬಾನಿ ಒಡೆಯಿತು.

ಮಾರನೇ ದಿನ ನಿಮ್ಮ ಕಾಗದವನ್ನು ಕುಳ್ಳಣ್ಣನ ಮನೆಯ ಮೆಟ್ಟಿಲ ಮೇಲೆ ಕುಳಿತು ಓದಿದೆ. ಒಳಗೆ ಅವನ ಹೆಂಡತಿ ಅಳುತ್ತಿದ್ದಳು. ಆಮೇಲೆ ಮನೆಗೆ ಬಂದು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಕೈಯಲ್ಲಿದ್ದ ಬಟ್ಟೆ ಮಡಚುತ್ತಲೇ ಇದ್ದಳು. "ಎರಡೆರಡು ಚೀಲ ಹೆಗಲ ಮೇಲೆ ಹಾಕ್ಕೊಂಡು ಮಹಡಿ ಹತ್ತುತ್ತಿದ್ದ ಹೃದಯ ಅದು," ಅಂದಳು. "ನಂಬು ಅಂದ್ರು. ನಿನ್ನ ಕೈಲಿಟ್ಕೊಂಡು ನಾನು ಯಾರ ಜೊತೆ ಜಗಳ ಆಡ್ಲಿ? ನಂಬಿದೆ." ಆಮೇಲೆ ಅದೇ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಚಿದಳು.

ಏಲ್ ಏನಾಯಿತು ಅಂತ ನೀವು ಕೇಳುವುದಿಲ್ಲ, ಆದರೂ ಬರೆಯುತ್ತೇನೆ. ಅದು ಮೊದಲೇ ಪೀಪಾಯಿಗೆ ಇಳಿದಿತ್ತು. ಕುಳ್ಳಣ್ಣನನ್ನು ಮಣ್ಣು ಮಾಡಿದ ಮೂರನೇ ದಿನ ಧಣಿ ಮುದುಕರನ್ನು ಕರೆಸಿದರು. ಮೂವರೂ ಲೋಟ ಖಾಲಿ ಮಾಡಿದರು. ಬರೀ ಕುಡಿಯುವವನು ಕಣ್ಣು ಒರೆಸಿಕೊಂಡು "ಇದೇ" ಅಂದ. ಆ ಮಾತಿಗೋಸ್ಕರ ಮೂರು ತಿಂಗಳು ಕಾದಿದ್ದೆ. ಕೇಳಿದ ಕೂಡಲೇ ಹಿತ್ತಲಿಗೆ ಹೋಗಿ ಪೀಪಾಯಿ ತೊಳೆಯತೊಡಗಿದೆ.

ಹಬ್ಬದಲ್ಲಿ ನಮ್ಮ ಮಳಿಗೆಯ ಮುಂದೆ ಉದ್ದನೆಯ ಸಾಲು. ನಾನು ನಲ್ಲಿಯ ಹತ್ತಿರ ನಿಲ್ಲಲಿಲ್ಲ, ಸಾಲಿನ ಮುಂದೆ ಹೋಗಿ ನಿಂತೆ. "ಈ ಏಲಿನ ಬಾನಿಯಲ್ಲಿ ಇಬ್ಬರು ಸತ್ತಿದ್ದಾರೆ. ಒಬ್ಬರು ನನ್ನಪ್ಪ, ಒಬ್ಬ ಕುಳ್ಳಣ್ಣ," ಅಂತ ಗಟ್ಟಿಯಾಗಿ ಹೇಳಿದೆ. ಕೆಲವರು ಲೋಟ ಕೆಳಗಿಟ್ಟು ಹೋದರು. ಅವರು ಬಿಟ್ಟ ಜಾಗಕ್ಕೆ ಹಿಂದಿನವರು ಬಂದರು. ಸಂಜೆಯೊಳಗೆ ಪೀಪಾಯಿಗಳು ಖಾಲಿ.

ಆ ರಾತ್ರಿಯೇ ಧಣಿ ಕರೆದರು. ಬೈಯಲಿಲ್ಲ. ಕುರ್ಚಿ ತೋರಿಸಿದರು.

"ಇಪ್ಪತ್ತೆರಡಕ್ಕೆ ವಿಚಾರಣೆಯವರು ಬರ್ತಾರೆ. ಏಣಿಯಿಂದ ಜಾರಿ ಬಿದ್ದ ಅಂದ್ರೆ ಸಾಕು. ಅವನ ಹೆಂಡತಿಯನ್ನ ನಾನು ಕೈ ಬಿಡಲ್ಲ. ನೀನೂ ಮುಖ್ಯ ಕೆಲಸದವಳಾಗಿ ಇರ್ತೀಯ."

"ದೀಪ?" ಅಂದೆ.

"ಯಾವ ದೀಪ?"

"ದೊಡ್ಡಪ್ಪ ಫೋನ್ ಮಾಡಿದ್ರಲ್ಲ."

"ಯಾವ ದೊಡ್ಡಪ್ಪ?" ಅಂದರು, ನಗುತ್ತಾ, ನನಗೆ ದೊಡ್ಡಪ್ಪನೇ ಇಲ್ಲ ಅನ್ನುವ ಹಾಗೆ.

ನನಗೆ ವಾಸನೆ ಗೊತ್ತಾಗುವುದಿಲ್ಲ ಎಂದು ಅವರಿಗೆ ಆಗಲೇ ಹೇಳಿಬಿಟ್ಟೆ. "ನಿಮ್ಮ ಮುಖ್ಯ ಕೆಲಸದವಳಿಗೆ ಮೂಗಿಲ್ಲ. ಬೇರೆಯವರನ್ನ ನೋಡ್ಕೊಳ್ಳಿ," ಅಂದು ಎದ್ದು ಬಂದೆ. ಒಡೆದ ಬಾನಿಯನ್ನು ಸುಡಲು ಹೇಳಿದ್ದಾರೆ. ಹಗ್ಗವೂ ಗೂಡೂ ನನ್ನ ಹಾಸಿಗೆಯ ಕೆಳಗಿವೆ. ಬಾನಿ ಎಷ್ಟು ಎತ್ತರವಿತ್ತು ಎಂದು ತೋರಿಸಲು ಉದ್ದದ ಒಂದು ಹಲಗೆಯನ್ನೂ ಲಾರಿಯವನು ಎತ್ತಿಟ್ಟಿದ್ದಾನೆ. ನನ್ನ ಹಲ್ಲಿನ ಗುರುತು ಅವನ ಕೈಮೇಲೆ ಇನ್ನೂ ಇದೆ.

ವಿಚಾರಣೆಯಲ್ಲಿ ನಾನು ಎಲ್ಲ ಹೇಳುತ್ತೇನೆ, "ಹೋಗು, ಏನಾಗಲ್ಲ" ಅಂದದ್ದನ್ನೂ ಸೇರಿಸಿ. ಆದರೆ ಶಾಲೆ ಬಿಟ್ಟ ಹುಡುಗಿಯ ಮಾತು ಒಂದು ಕಡೆ, ಧಣಿಯ ಮಾತು ಒಂದು ಕಡೆ. ಅಪ್ಪ ಹೇಗೆ ಸತ್ತ ಎಂದು ಕಣ್ಣಾರೆ ನೋಡಿದವರು ನೀವೊಬ್ಬರೇ. ಫೋನಿನಲ್ಲಿ ಏನು ಹೇಳಿದಿರಿ ಎಂದು ಗೊತ್ತಿರುವವರು ನೀವು ಮತ್ತು ಧಣಿ ಮಾತ್ರ.

ಫೆಬ್ರವರಿಯಲ್ಲಿ ನಾನು ನನ್ನ ಗುಟ್ಟು ಹೇಳಿ ನಿಮ್ಮನ್ನು ಕೇಳಿದೆ. ಮಾರ್ಚಿನಲ್ಲಿ ಮತ್ತೆ ಕೇಳಿದೆ. ಆಗ ನೀವು ಒಂದು ಸಾಲು ಬರೆದಿದ್ದರೆ ಕುಳ್ಳಣ್ಣ ಈಗ ನನ್ನನ್ನು ಏಣಿ ಅನ್ನುತ್ತಿದ್ದ. ಇದನ್ನು ನಿಮಗೆ ನೋವಾಗಲಿ ಎಂದು ಬರೆಯುತ್ತಿಲ್ಲ. ನೋವಾಗುತ್ತದೆ ಎಂದು ಬರೆಯದೆ ಇರುವುದು ಈ ಮನೆತನದಲ್ಲಿ ಸಾಕಾಯಿತು.

ಬರುತ್ತೀರೋ ಇಲ್ಲವೋ ತಿಳಿಸಿ.

ಕೊಕ್ಕರೆ


ಮೇ 18

ಕೊಕ್ಕರೆ,

ನಿನ್ನ ಕಾಗದದಲ್ಲಿ ಒಂದಕ್ಷರವನ್ನೂ ಅಲ್ಲಗಳೆಯುವ ಹಾಗಿಲ್ಲ. ಎರಡು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಹಿಟ್ಟು ನಾದಿದೆ. ಬೇಕರಿಯಲ್ಲಿ ಯೀಸ್ಟ್ ಉಬ್ಬುವಾಗ ಬರುವುದೂ ಅದೇ ಗಾಳಿ. ಹದಿನಾರು ವರ್ಷದಿಂದ ಕಿಟಕಿ ತೆರೆಯದೆ ನಾನು ನಾದಿದ್ದೇ ಇಲ್ಲ. ಇಲ್ಲಿನವರು ನನ್ನನ್ನು ಸೆಕೆಯ ಮನುಷ್ಯ ಅಂತಾರೆ.

ಮಾಲೀಕರಿಗೆ ಹೇಳಿದ್ದೇನೆ. ವಾಪಸು ಬಂದರೆ ಕೆಲಸ ಇರುವುದಿಲ್ಲ ಅಂದರು. ಸರಿ ಅಂದೆ.

ವಿಚಾರಣೆಯಲ್ಲಿ ಧಣಿಯ ಎದುರೇ ಹೇಳುತ್ತೇನೆ, ಫೋನಿನದ್ದೂ, ಹಳೆಯದ್ದೂ, ತಲೆ ಆಡಿಸಿದ್ದೂ. ಕುಳ್ಳಣ್ಣನ ಹೆಂಡತಿಯ ಮನೆಗೆ ಮೊದಲು ಕರೆದುಕೊಂಡು ಹೋಗು. ಅಲ್ಲಿ ನಾನು ಏನು ಹೇಳಬೇಕೆಂದು ಇನ್ನೂ ಗೊತ್ತಿಲ್ಲ.

ಈ ಕಾಗದ ನನಗಿಂತ ಮೊದಲು ತಲುಪಿದರೆ ನಿನ್ನ ಅಮ್ಮನಿಗೆ ತಿಳಿಸು. ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ, ಕಾಯುವುದು ನನಗೆ ಅಭ್ಯಾಸವಿದೆ.

ಆ ಹಗ್ಗಕ್ಕೆ ಗಂಟು ಹಾಕಬೇಡ, ಅಳತೆ ಬದಲಾಗುತ್ತದೆ. ಇದ್ದ ಹಾಗೇ ಇರಲಿ.

ನಾಳೆ ಬೆಳಗಿನ ರೈಲಿಗೆ ಹೊರಡುತ್ತೇನೆ.

ದೊಡ್ಡಪ್ಪ